ಕಲಾಂ ಮನೆಯಲ್ಲಿ ನಾನು ಹುಡುಕಿದ ಹುಡುಗ

ನಮಸ್ಕಾರ.

ನಮ್ಮ ಕಡೆಯಿಂದ ರಾಮೇಶ್ವರಕ್ಕೆ ಹೋಗುವವರ ದಿನ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬೆಳಗಿನ ಜಾವ ಅಗ್ನಿತೀರ್ಥದಲ್ಲಿ ಸಮುದ್ರಸ್ನಾನ. ಆಮೇಲೆ ಒದ್ದೆ ಬಟ್ಟೆಯಲ್ಲೇ ದೇವಸ್ಥಾನದೊಳಗಿನ 22 ತೀರ್ಥಗಳು. ದರ್ಶನ ಮುಗಿಸಿ ತಿಂಡಿ ತಿಂದು ಹೊರಗೆ ಬಂದರೆ ಆಟೋದವರು ಕರೆಯುತ್ತಾರೆ. ಧನುಷ್ಕೋಡಿ, ರಾಮರ ಪಾದ, ಕಲಾಂ ಮನೆ.

ನಾನೂ ಹಾಗೇ ಹೋದವನು. ಮಸೀದಿ ಬೀದಿಯ ಆ ಮನೆಯೊಳಗೆ ಜನರ ಸಾಲಿನಲ್ಲಿ ನಡೆದೆ. ಗೋಡೆಯ ತುಂಬ ಫೋಟೊಗಳು, ಗಾಜಿನ ಹಿಂದೆ ಪದಕಗಳು, ಪ್ರಶಸ್ತಿಗಳು. ಮೇಲಿನ ಮಹಡಿಯಲ್ಲಿ ಶಂಖ, ಚಿಪ್ಪಿನ ಸಾಮಾನುಗಳ ಅಂಗಡಿ. ಸ್ವಲ್ಪ ಹೊತ್ತಿಗೆಲ್ಲ ಮತ್ತೆ ಬೀದಿಯಲ್ಲಿದ್ದೆ.

ಅಲ್ಲಿ ನಿಂತಾಗ ಒಂದು ಮಾತು ಮನಸ್ಸಿಗೆ ಬಂತು, ಇವತ್ತಿಗೂ ಬಿಟ್ಟಿಲ್ಲ. ಒಳಗೆ ನಾನು ರಾಷ್ಟ್ರಪತಿಯನ್ನು ನೋಡಿದೆ. ಆ ಮನೆಯ ಹುಡುಗ ನನಗೆ ಸರಿಯಾಗಿ ಸಿಗಲೇ ಇಲ್ಲ.

ಯಾವ ಹುಡುಗ? 1931ರ ಅಕ್ಟೋಬರ್ 15ರಂದು ರಾಮೇಶ್ವರದಲ್ಲಿ ಹುಟ್ಟಿದವನು. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುವುದನ್ನು ಬಿಟ್ಟಿತು. ಪೇಪರ್ ಕಟ್ಟುಗಳನ್ನು ಓಡುವ ರೈಲಿನಿಂದಲೇ ಕೆಳಗೆ ಎಸೆಯಬೇಕಾಯಿತು. ಊರಿಗೆ ಪೇಪರ್ ಹಂಚುತ್ತಿದ್ದವನು ಸೋದರ ಸಂಬಂಧಿ ಶಂಸುದ್ದೀನ್. ಆ ಕಟ್ಟುಗಳನ್ನು ಹಿಡಿಯಲು ಅವನಿಗೆ ಒಬ್ಬ ಜೊತೆಗಾರ ಬೇಕಿತ್ತು. ಈ ಹುಡುಗ ಹೋಗಿ ನಿಂತ. ಬದುಕಿನ ಮೊದಲ ಸಂಪಾದನೆ ಅದೇ. ಆ ಸಂತೋಷವನ್ನು ಎಷ್ಟೋ ವರ್ಷಗಳ ಮೇಲೂ ಕಲಾಂ ನೆನೆಯುತ್ತಿದ್ದರು.

ಮನೆಯಿಂದ ಶಿವನ ದೇವಸ್ಥಾನಕ್ಕೆ ಹತ್ತು ನಿಮಿಷದ ನಡಿಗೆ. ಹತ್ತಿರದಲ್ಲೇ ರಾಮತೀರ್ಥ ಅನ್ನುವ ಕೊಳ. ಸೀತಾರಾಮ ಕಲ್ಯಾಣದ ದಿನ ಉತ್ಸವಮೂರ್ತಿಗಳನ್ನು ಕೊಳದ ನಡುವಿನ ಮಂಟಪಕ್ಕೆ ಕರೆದೊಯ್ಯಬೇಕು. ಅದಕ್ಕೆ ಅಟ್ಟಣೆ ಕಟ್ಟಿದ ದೋಣಿಗಳನ್ನು ಒದಗಿಸುತ್ತಿದ್ದದ್ದು ಕಲಾಂ ಅವರ ಮನೆಯವರು. ಅಪ್ಪ ಜೈನುಲಾಬ್ದೀನ್ ಮತ್ತು ದೇವಸ್ಥಾನದ ಅರ್ಚಕ ಪಕ್ಷಿ ಲಕ್ಷ್ಮಣ ಶಾಸ್ತ್ರಿ ಆಪ್ತ ಗೆಳೆಯರು.

ಮೇಷ್ಟ್ರು ಶಿವಸುಬ್ರಹ್ಮಣ್ಯ ಅಯ್ಯರ್ ಒಂದು ದಿನ ಈ ಹುಡುಗನನ್ನು ಊಟಕ್ಕೆ ಮನೆಗೆ ಕರೆದರು. ಅವರ ಹೆಂಡತಿ ಮಡಿಯ ಅಡುಗೆಮನೆಯಲ್ಲಿ ಬಡಿಸಲು ಒಪ್ಪಲಿಲ್ಲ. ಮೇಷ್ಟ್ರು ಸಿಟ್ಟಾಗಲಿಲ್ಲ. ತಾವೇ ಬಡಿಸಿ, ಪಕ್ಕದಲ್ಲೇ ಕೂತು ಉಂಡರು. ಮುಂದಿನ ವಾರ ಮತ್ತೆ ಕರೆದರು. ಆ ಸಲ ಆಯಮ್ಮನೇ ಒಳಗೆ ಕರೆದು ಕೈಯಾರೆ ಬಡಿಸಿದರು. ಈ ಒಂದು ವಾರದಲ್ಲಿ ಆ ಮನೆಯಲ್ಲಿ ಏನು ಮಾತಾಯಿತೋ! ನನಗಂತೂ ಕಲಾಂ ಅವರ ಎಲ್ಲ ಪದಕಗಳಿಗಿಂತ ಈ ಎರಡು ಊಟಗಳೇ ಜಾಸ್ತಿ ನೆನಪಾಗುತ್ತವೆ.

ಒಂದು ಮನೆಯನ್ನು ಉಳಿಸುವುದು ಅಂದರೆ ನನ್ನ ಪ್ರಕಾರ ಇದನ್ನೆಲ್ಲ ಉಳಿಸುವುದು. ಕಲಾಂ ಬರೆದುಕೊಂಡಂತೆ ಅದು ಸುಣ್ಣ ಮತ್ತು ಇಟ್ಟಿಗೆಯ ಹಳೇ ಮನೆ. ಈಗ ಮಹಡಿ ಮೇಲೆ ಮಹಡಿ ಎದ್ದು, ಮುಖವೇ ಬದಲಾಗಿದೆ. ಇದನ್ನು ನಾನು ಆ ಕುಟುಂಬದ ಮೇಲಿನ ದೂರಾಗಿ ಹೇಳುತ್ತಿಲ್ಲ. ಕಲಾಂ ಅವರ ಅಣ್ಣ 2021ರಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಬಾಳಿ ಬದುಕುವ ಮನೆ ಅದು. ನಮ್ಮ ಮನೆಯ ಬಾಗಿಲನ್ನು ಯಾತ್ರಿಕರಿಗೆ ತೆರೆದಿಡಿ ಅಂದರೆ ನಮ್ಮಲ್ಲಿ ಎಷ್ಟು ಜನ ಒಪ್ಪುತ್ತೇವೆ? ಅವರು ತೆರೆದಿಟ್ಟಿದ್ದಾರೆ. ಅದಕ್ಕೆ ಕೈ ಮುಗಿಯಬೇಕು.

ನನ್ನ ತಕರಾರು ಇರುವುದು ನಾವೆಲ್ಲ ಸೇರಿ, ದೇಶವಾಗಿ, ಮಾಡಿದ ಸ್ಮಾರಕದ ಬಗ್ಗೆ. 2015ರ ಜುಲೈ 27ರಂದು ಶಿಲ್ಲಾಂಗ್‌ನಲ್ಲಿ ಪಾಠ ಹೇಳುತ್ತಲೇ ಕಲಾಂ ಕುಸಿದರು. ರಾಮೇಶ್ವರದ ಪೇಕರುಂಬು ಅನ್ನುವಲ್ಲಿ ಅವರನ್ನು ಮಣ್ಣು ಮಾಡಿದರು. ಸರಿಯಾಗಿ ಎರಡು ವರ್ಷಕ್ಕೆ, 2017ರ ಜುಲೈ 27ಕ್ಕೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಟ್ಟಿದ ದೊಡ್ಡ ಸ್ಮಾರಕ ಅಲ್ಲಿ ಶುರುವಾಯಿತು. ಕಟ್ಟಿದವರು ಪ್ರೀತಿಯಿಂದ ಕಟ್ಟಿದ್ದಾರೆ, ಅದು ನೋಡಿದರೇ ಗೊತ್ತಾಗುತ್ತದೆ. ಆದರೆ ಹೆಬ್ಬಾಗಿಲು ಇಂಡಿಯಾ ಗೇಟ್ ಥರ. ಗುಮ್ಮಟ ರಾಷ್ಟ್ರಪತಿ ಭವನದ ಥರ. ಆ ಮನುಷ್ಯ ಆ ಭವನದಲ್ಲಿ ಇದ್ದದ್ದು ಐದೇ ವರ್ಷ, 2002ರಿಂದ 2007. ಬಿಟ್ಟು ಬಂದದ್ದು ಎರಡು ಸೂಟ್‌ಕೇಸ್ ಹಿಡಿದು. ಅವರ ಊರಿನಲ್ಲಿ ಅವರ ಊರನ್ನೇ ಕಟ್ಟಬಹುದಿತ್ತು ಅಲ್ವಾ? ಸುಣ್ಣದ ಗೋಡೆ, ದೋಣಿ, ಕೊಳ.

ಅಲ್ಲಿ ಅವರು ವೀಣೆ ನುಡಿಸುವ ಪ್ರತಿಮೆ ಇದೆ. ಪಕ್ಕದಲ್ಲಿ ಕೆತ್ತಿದ ಭಗವದ್ಗೀತೆ ಇಟ್ಟದ್ದಕ್ಕೆ ಆಗ ದೊಡ್ಡ ಚರ್ಚೆ ಎದ್ದಿತು. ಕುಟುಂಬದವರು ಕುರಾನ್, ಬೈಬಲ್ ಪ್ರತಿಗಳನ್ನೂ ತಂದಿಟ್ಟರು. ಅದಕ್ಕೂ ಮಾತು ಬಂತು. ಆ ಜಗಳ ಓದುವಾಗ ನನಗೆ ತುಂಬ ಸಂಕಟವಾಯಿತು. ರಾಮನ ಮದುವೆಗೆ ದೋಣಿ ಕೊಟ್ಟ ಮನೆಯವರು ಅವರು. ಪ್ರತಿಮೆಯ ಪಕ್ಕ ಆ ದೋಣಿಯ ಒಂದು ಮಾದರಿ ಇಟ್ಟಿದ್ದರೆ ಸಾಕಾಗುತ್ತಿತ್ತು.

ಇನ್ನು ದೆಹಲಿಯ 10, ರಾಜಾಜಿ ಮಾರ್ಗ. 2007ರ ನಂತರ ಕೊನೆಯವರೆಗೂ ಅವರು ಇದ್ದ ಸರ್ಕಾರಿ ಬಂಗಲೆ. ಅದನ್ನು ಸ್ಮಾರಕ ಮಾಡಿ ಅಂತ ಒತ್ತಾಯ ಬಂತು. ಆಗಲಿಲ್ಲ. ಒಬ್ಬ ಕೇಂದ್ರ ಸಚಿವರಿಗೆ ಹಂಚಿದರು, ಮುಂದೆ ಅದೇ ಮನೆಗೆ ಪ್ರಣಬ್ ಮುಖರ್ಜಿ ಬಂದರು. ತುಂಬ ಜನ ಇದನ್ನು ಅವಮಾನ ಅಂದರು. ನಾನು ಒಪ್ಪುವುದಿಲ್ಲ. ಸರ್ಕಾರಿ ಬಂಗಲೆಗಳನ್ನು ಸ್ಮಾರಕ ಮಾಡುವುದಿಲ್ಲ ಅನ್ನುವ ತೀರ್ಮಾನ ಮೊದಲೇ ಇತ್ತು, ಅದು ಸರಿಯಾದದ್ದೇ. ಆದರೆ ಅಲ್ಲಿನ ಪುಸ್ತಕಗಳು? ಒಬ್ಬ ಮನುಷ್ಯ ಏನು ಓದಿದ, ಯಾವ ಪುಸ್ತಕದ ಪಕ್ಕ ಯಾವುದನ್ನು ಇಟ್ಟುಕೊಂಡಿದ್ದ ಅನ್ನುವುದೇ ಅವನ ನಿಜವಾದ ಮನೆ. ಅವರ ವಸ್ತುಗಳ ಒಂದು ಪ್ರದರ್ಶನ 2016ರಲ್ಲಿ ದಿಲ್ಲಿ ಹಾಟ್‌ನಲ್ಲಿ ಶುರುವಾಯಿತು. ಒಳ್ಳೆಯದೇ. ಆದರೆ ಪುಸ್ತಕ ಅಂದರೆ ಮಕ್ಕಳ ಕೈಗೆ ಸಿಗಬೇಕು.

ನನಗೆ ಕಂಡಂತೆ ಕಲಾಂ ಅವರ ಕಾಲವನ್ನು ಚೆನ್ನಾಗಿ ಹಿಡಿದಿಟ್ಟಿರುವ ಕಟ್ಟಡ ಅವರ ಮನೆಯಲ್ಲ. ತಿರುವನಂತಪುರದ ಹತ್ತಿರ ತುಂಬಾದಲ್ಲಿರುವ ಸಂತ ಮೇರಿ ಮ್ಯಾಗ್ಡಲೀನ್ ಚರ್ಚ್. ರಾಕೆಟ್ ಕೇಂದ್ರಕ್ಕೆ ಅಂತ ಮೀನುಗಾರರು ಬಿಟ್ಟುಕೊಟ್ಟ ಜಾಗ. ಅದರ ಪ್ರಾರ್ಥನಾ ಮಂದಿರವೇ ಅವರ ಮೊದಲ ಪ್ರಯೋಗಶಾಲೆ, ಬಿಷಪ್ಪರ ಕೋಣೆಯೇ ನಕ್ಷೆ ಬರೆಯುವ ಆಫೀಸು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಇವತ್ತು ಅದು ಬಾಹ್ಯಾಕಾಶ ಮ್ಯೂಸಿಯಂ. ಚರ್ಚ್ ಇನ್ನೂ ಚರ್ಚಿನ ಹಾಗೇ ಇದೆ. ಒಳಗೆ ಕಾಲಿಟ್ಟರೆ, ಇಷ್ಟರಲ್ಲೇ ಶುರು ಮಾಡಿದರಾ ಅಂತ ಅನಿಸುತ್ತದೆ. ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಸೋಲುಗಳಿಗೂ ಒಂದು ಕೋಣೆ ಬೇಕು. ನಮ್ಮ ಬೆಂಗಳೂರಿನಲ್ಲೇ ಅವರು ಎಡಿಇ ಅನ್ನುವ ರಕ್ಷಣಾ ಸಂಶೋಧನಾಲಯದಲ್ಲಿದ್ದಾಗ 'ನಂದಿ' ಅನ್ನುವ ಹೋವರ್‌ಕ್ರಾಫ್ಟ್, ಅಂದರೆ ಗಾಳಿಯ ಮೆತ್ತೆಯ ಮೇಲೆ ತೇಲುವ ವಾಹನ, ಕಟ್ಟಿದ್ದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅದರಲ್ಲಿ ಕೂತು ಸುತ್ತು ಬಂದಿದ್ದರು. ಅವರು ಮಂತ್ರಿ ಸ್ಥಾನ ಬಿಟ್ಟ ಮೇಲೆ ಆ ಕೆಲಸ ಮೂಲೆಗೆ ಬಿತ್ತು. 1979ರ ಆಗಸ್ಟ್ 10ಕ್ಕೆ ಅವರ ಮುಂದಾಳತ್ವದ ಉಪಗ್ರಹ ಹಾರಿಸುವ ರಾಕೆಟ್ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿತ್ತು. ಪತ್ರಕರ್ತರ ಎದುರು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ಕ್ಕೆ ಗೆದ್ದಾಗ ಅದೇ ಧವನ್, ನೀವೇ ಮಾತಾಡಿ ಅಂತ ಕಲಾಂ ಅವರನ್ನು ಮುಂದೆ ಕಳಿಸಿದರು. ಪರೀಕ್ಷೆಯಲ್ಲಿ ಫೇಲಾಗಿ ಬಂದ ಹುಡುಗಿಯೊಬ್ಬಳು ಅಂಥ ಕೋಣೆಗೆ ಬಂದರೆ ಅವಳಿಗೆ ಪದಕ ಬೇಡ, ಈ ಕಥೆ ಬೇಕು.

ಪೇಪರ್ ಎಸೆಯುತ್ತಿದ್ದ ರೈಲುದಾರಿ ಈಗಿಲ್ಲ. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಡಿಯ ಜೊತೆ ಅದನ್ನೂ ನುಂಗಿತು. ಹಳಿ ಮತ್ತೆ ಹಾಕಲಿಲ್ಲ. ಹಳೇ ಸ್ಟೇಷನ್ನಿನ ಮುರಿದ ಗೋಡೆಗಳು ಮಾತ್ರ ಉಳಿದಿವೆ.

ನೀವು ಮುಂದಿನ ಸಲ ರಾಮೇಶ್ವರಕ್ಕೆ ಹೋದಾಗ, ದರ್ಶನ ಆದ ಮೇಲೆ ಆಟೋ ಹತ್ತಬೇಡಿ. ದೇವಸ್ಥಾನದಿಂದ ಆ ಮನೆಗೆ ನಡೆದೇ ಹೋಗಿ. ಸುಮ್ನೆ ನಿಧಾನಕ್ಕೆ. ಜೊತೆಗೆ ಮಕ್ಕಳಿದ್ದರೆ ದಾರಿಯಲ್ಲಿ ಆ ಎರಡು ಊಟದ ಕಥೆ ಹೇಳಿ. ಹತ್ತು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತದೆ.