ಒಂದು ಉಸಿರಿನಷ್ಟು ಬಿಡುವು

ನಮಸ್ಕಾರ, ಕೇಳುಗರೇ.

ಹ್ಯಾಮ್ ರೇಡಿಯೋ ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ರೇಡಿಯೋದಲ್ಲಿ ಮಾತಾಡಿಕೊಳ್ಳುವುದು. ಅದರ ನಲವತ್ತು ಮೀಟರ್ ಬ್ಯಾಂಡಿಗೆ, ಅಂದರೆ ಸುಮಾರು ನಲವತ್ತು ಮೀಟರ್ ಉದ್ದದ ಅಲೆಗಳಿಗೆ, ಆಂಟೆನಾ ಆಗಿ ಸುಮಾರು 20 ಮೀಟರ್ ಉದ್ದದ ತಂತಿಯನ್ನು ಎತ್ತರದಲ್ಲಿ ಎಳೆದು ಕಟ್ಟಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ನನಗೆ ಅದು ಕನಸೇ ಆಯಿತು. ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಅಡ್ಡಿಯಿಲ್ಲ, ಆಂಟೆನಾ ಅಂದರೆ ಮಾತ್ರ ಎಲ್ಲರಿಗೂ ಗಾಬರಿ! ಸೆಟ್ಟು ಬೀರು ಸೇರಿತು. ನನ್ನ ಕೈಗೆ ಮತ್ತೆ ಮೈಕು ಕೊಟ್ಟಿದ್ದು ಇಂಟರ್ನೆಟ್ಟಿನ ಮೂಲಕ ನಡೆಯುವ ಹ್ಯಾಮ್ ಮಾತುಕತೆ.

"ಅದು ವಾಟ್ಸ್ಆ್ಯಪ್ ಕಾಲ್ ಇದ್ದ ಹಾಗೇ ಅಲ್ವಾ, ರೇಡಿಯೋ ಹೇಗಾಗುತ್ತೆ?" ಅಂತ ಹಳೆಯ ಗೆಳೆಯರೊಬ್ಬರು ಮೂಗು ಮುರಿದರು. ಅವರ ಮಾತಿನಲ್ಲಿ ಅರ್ಧ ನಿಜವಿದೆ. 1997ರಲ್ಲಿ ಕೆನಡಾದ ವ್ಯಾಂಕೂವರಿನ ಡೇವಿಡ್ ಕ್ಯಾಮರಾನ್ ಶುರು ಮಾಡಿದ ಐಆರ್‌ಎಲ್‌ಪಿ (ಇಂಟರ್ನೆಟ್ ರೇಡಿಯೋ ಲಿಂಕಿಂಗ್ ಪ್ರಾಜೆಕ್ಟ್), ದೂರದೂರದ ರಿಪೀಟರುಗಳನ್ನು, ಅಂದರೆ ಬಂದ ದನಿಯನ್ನು ಹಿಡಿದು ಮತ್ತೆ ದೂರಕ್ಕೆ ಬಿತ್ತರಿಸುವ ನಿಲ್ದಾಣಗಳನ್ನು, ಇಂಟರ್ನೆಟ್ಟಿನಿಂದ ಜೋಡಿಸಿತು. ಅಲ್ಲಿ ಎರಡೂ ತುದಿಯಲ್ಲಿ ರೇಡಿಯೋ ಇರಲೇಬೇಕು. 2002ರಲ್ಲಿ ಅಮೆರಿಕದ ಜೊನಾಥನ್ ಟೇಲರ್ ತಂದ ಎಕೋಲಿಂಕ್ ಅನ್ನೋ ಸಾಫ್ಟ್‌ವೇರಿನಲ್ಲಿ ಕಂಪ್ಯೂಟರಿನಿಂದಲೂ ಮಾತಾಡಬಹುದು, ಈಗ ಫೋನಿನಿಂದಲೂ. ಆದರೆ ಹ್ಯಾಮ್ ಲೈಸೆನ್ಸ್ ತೋರಿಸದೆ ಒಳಗೆ ಬಿಡುವುದಿಲ್ಲ.

ಎಕೋಲಿಂಕಿನಲ್ಲಿ 9999 ಅಂತ ಒಂದು ನಂಬರಿದೆ. ನೀವು ಹೇಳಿದ್ದನ್ನೇ ತಿರುಗಿ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ನಾಚಿಕೆಯಾಯಿತು. ಹಳೆಯ ಸೆಟ್ಟಿನ ಗೊರಗೊರ ಸದ್ದಿನ ನಡುವೆ ಕೂಗಿ ಕೂಗಿ ಅಭ್ಯಾಸ, ಇಲ್ಲೂ ಹಾಗೇ ಕಿರುಚಿದ್ದೆ!

ಈಗ ನನ್ನ ಮೇಜಿನ ಮೇಲೆ ಒಂದು ಪುಟ್ಟ ಹಾಟ್‌ಸ್ಪಾಟ್ ಇದೆ, ಫೋನಿನದಲ್ಲ, ವಾಕಿಟಾಕಿಯನ್ನು ಇಂಟರ್ನೆಟ್ಟಿಗೆ ಸೇರಿಸುವ ಪೆಟ್ಟಿಗೆ. ಅದರ ಶಕ್ತಿ ಸುಮಾರು 10 ಮಿಲಿವ್ಯಾಟ್, ಪಕ್ಕದ ಕೋಣೆಗೆ ಸಾಕು. ಕೈಯಲ್ಲಿರುವ ಡಿಎಂಆರ್ (ಡಿಜಿಟಲ್ ರೇಡಿಯೋ) ವಾಕಿಟಾಕಿಯಿಂದ ಹಾಟ್‌ಸ್ಪಾಟಿನವರೆಗೆ ದನಿ ಗಾಳಿಯಲ್ಲಿ ಹೋಗುತ್ತದೆ, ಮುಂದೆ ಇಂಟರ್ನೆಟ್ಟಿನಲ್ಲಿ. ಡಿಎಂಆರ್ ರೇಡಿಯೋಗಳನ್ನು ಜೋಡಿಸುವ ಬ್ರ್ಯಾಂಡ್‌ಮೈಸ್ಟರ್ ಜಾಲದಲ್ಲಿ ಟಾಕ್‌ಗ್ರೂಪ್ 91 ಅನ್ನೋ ಹರಟೆಯ ಕೋಣೆಗೆ ಹೋದರೆ ಲೋಕದ ಯಾವ ಮೂಲೆಯವರಾದರೂ ಸಿಗಬಹುದು.

ಇಲ್ಲಿ ಕಲಿಯಬೇಕಾದದ್ದು ಮಷೀನಲ್ಲ, ತಾಳ್ಮೆ. ವಾಕಿಟಾಕಿಯಲ್ಲಿ ಮಾತಾಡಲು ಒತ್ತುವ ಪಿಟಿಟಿ ಗುಂಡಿ ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಪದ ಅಲ್ಲೇ ಉದುರಿಹೋಗುತ್ತದೆ. ನಾನು ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು, ಹೇಳಿದರೆ ಆಚೆಯವರಿಗೆ ಬರೀ ಬಾಲ ಕೇಳಿಸುತ್ತಿತ್ತು. ಒತ್ತಿ, ಒಂದು ಕ್ಷಣ ಬಿಟ್ಟು ಮಾತಾಡಬೇಕು. ಅವರು ಮುಗಿಸಿದ ಮೇಲೂ ಎರಡು ಮೂರು ಸೆಕೆಂಡ್ ಸುಮ್ನಿರಬೇಕು. ದನಿ ಹತ್ತಾರು ಕಡೆ ಹೋಗಿರುತ್ತದೆ, ಎಲ್ಲ ರಿಪೀಟರುಗಳೂ ಬಾಯಿ ಮುಚ್ಚಲು ಹೊತ್ತು ಬೇಕು. ನಡುವೆ ಬರಬೇಕೆಂದವರಿಗೆ ಸಿಗುವ ಬಾಗಿಲೂ ಅಷ್ಟೇ.

ಹಾಗಂತ ಹಳೆಯ ಸೆಟ್ಟನ್ನು ಮಾರಿಲ್ಲ. ಕರೆಂಟು ಹೋದರೆ ರೂಟರ್ ಸತ್ತಿತು, 91 ಕೂಡ ಸತ್ತಿತು. ಆ ಸೆಟ್ಟಿಗಾದರೆ ಕಾರಿನ ಬ್ಯಾಟರಿ ಸಾಕು. ಆಕಾಶಕ್ಕೆ ತಾಗಿ ತಿರುಗಿ ಬರುವ ದನಿ ಹಿಡಿಯುವ ಖುಷಿಯೂ ಈ ಇಂಟರ್ನೆಟ್ಟಿನಲ್ಲಿಲ್ಲ ಬಿಡಿ.

ಮೊನ್ನೆ ಸಂಜೆ 91ರಲ್ಲಿ ನಾನೂ ಇನ್ನೊಬ್ಬರೂ ಹರಟುತ್ತಿದ್ದೆವು. ನಾನು ಯಾಕೋ ಜಾಸ್ತಿ ಹೊತ್ತು ಸುಮ್ಮನಿದ್ದೆ. ಆ ಸಂದಿನಲ್ಲಿ ಒಂದು ಮೆಲ್ಲನೆಯ ದನಿ ಕಾಲ್‌ಸೈನ್ ಹೇಳಿತು. ಹತ್ತು ನಿಮಿಷದಿಂದ ಕಾಯುತ್ತಿದ್ದರಂತೆ.