ಹದಿನಾಲ್ಕು ದಿನದ ಗುಳಿಗೆ

ಕೇಳುಗರಿಗೆ ನಮಸ್ಕಾರ.

ಗದಗ, ಹಾವೇರಿ ಕಡೆಯ ಎಷ್ಟೋ ಮಂದಿ ಮಂಗಳೂರಿಗೆ, ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಶೆಡ್ಡಿನಲ್ಲೇ ಮಲಗುತ್ತಾರೆ. ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆ. ನಮ್ಮ ಕಾಕಾನ ಮಗನೂ ಹಾಗೇ ಹೋದವನು. ಜೋಕುಮಾರನ ಹುಣ್ಣಿಮೆ ಹೊತ್ತಿಗೆ ನಡುಗುತ್ತಾ ಶಿರಹಟ್ಟಿಗೆ ಬಂದ. ಎರಡು ಕೌದಿ ಹೊದಿಸಿದರೂ ಚಳಿ ನಿಲ್ಲಲಿಲ್ಲ.

ಆಶಾ ಕಾರ್ಯಕರ್ತೆ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರು. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ. 3 ದಿನಕ್ಕೆ ಕ್ಲೋರೋಕ್ವಿನ್, 14 ದಿನಕ್ಕೆ ಪ್ರೈಮಾಕ್ವಿನ್ ಸಿಕ್ಕಿತು. ನಾಲ್ಕನೇ ದಿನ ಜ್ವರ ಬಿಟ್ಟಿತು, ರೊಟ್ಟಿ ರುಚಿಸಿತು. "ಅಕ್ಕಾ, ಆರಾಮ ಆಗೇನಿ, ಇನ್ನ್ಯಾಕ ಗುಳಿಗಿ?" ಅಂದ. ಉಳಿದ ಗುಳಿಗೆ ಗೋಡೆಯ ಮಾಡದಲ್ಲೇ ಕೂತವು. ದೀಪಾವಳಿ ಕಳೆದ ಮೇಲೆ ಮತ್ತೆ ಅದೇ ನಡುಕ.

ಅವನಿಗೆ ಹೊಸದಾಗಿ ಸೊಳ್ಳೆ ಕಚ್ಚಬೇಕಂತೇನೂ ಇರಲಿಲ್ಲ. ವೈವ್ಯಾಕ್ಸ್ ರೋಗಾಣು ಲಿವರಿನಲ್ಲೂ ಅಡಗಿ ಮಲಗಿರುತ್ತದೆ. ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಮಲಗಿದ್ದನ್ನು ಅದು ಮುಟ್ಟುವುದಿಲ್ಲ. ಅದನ್ನು ಕೊಲ್ಲಲೆಂದೇ ಪ್ರೈಮಾಕ್ವಿನ್. ಅರ್ಧಕ್ಕೆ ಬಿಟ್ಟರೆ ವಾರಗಳೋ ತಿಂಗಳುಗಳೋ ಕಳೆದು ರೋಗ ಎದ್ದು ಬರುತ್ತದೆ. ಜ್ವರ ಇಲ್ಲದ ಆ ಹತ್ತು ದಿನದ ಗುಳಿಗೆಯೇ ಮುಖ್ಯವಾದದ್ದು, ಅಲ್ವಾ?

ಗುಳಿಗೆಯನ್ನು ಉಂಡ ಮೇಲೆಯೇ ನುಂಗಿ. ಬಸುರಿಯರಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರಲ್ಲಿ ಇದರಿಂದ ಕೆಂಪು ರಕ್ತಕಣ ಒಡೆಯಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಮತ್ತೆ ಜ್ವರ ಬಂತೆಂದು ಮನೆಯಲ್ಲಿ ಉಳಿದ ಹಳೇ ಗುಳಿಗೆಯನ್ನು ಪರೀಕ್ಷೆ ಇಲ್ಲದೆ ಸುಮ್ನೆ ನುಂಗಬೇಡಿ. ಫಾಲ್ಸಿಪಾರಮ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಆಗಿದ್ದರೆ ಅದು ಮೆದುಳಿಗೂ ಏರಬಹುದು. ಅದಕ್ಕೆ ಆರ್ಟೆಸುನೇಟ್ ಸೇರಿದ ಜೋಡಿ ಔಷಧಿ ಬೇಕು. ಯಾವುದೆಂದು ರಕ್ತ ಪರೀಕ್ಷೆಯೇ ಹೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ.

ರೋಗ ಬರದಂತೆ ಮೊದಲೇ ನುಂಗುವ ಗುಳಿಗೆಯೂ ಇದೆ. ಮಲೇರಿಯಾ ಜಾಸ್ತಿ ಇರುವ ಕಾಡು ಸೀಮೆಗೋ ಆಫ್ರಿಕಾಕ್ಕೋ ಕೆಲವು ವಾರ ಹೋಗುವ ದೊಡ್ಡವರಿಗೆ ಡಾಕ್ಟರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಬರೆಯುತ್ತಾರೆ. ಹೊರಡುವ 2 ದಿನ ಮೊದಲಿನಿಂದ, ಬಂದ ಮೇಲೂ 4 ವಾರ, ದಿನಕ್ಕೊಂದು. ಬಸುರಿಯರಿಗೆ ಇದೂ ಬೇಡ. ಗುಳಿಗೆ ನುಂಗಿದರೂ ಸೊಳ್ಳೆ ಪರದೆ ಬಿಡುವಂತಿಲ್ಲ.

ನಮ್ಮ ತಮ್ಮನಿಗೆ ಎರಡನೇ ಸಲ ಚಿಗವ್ವ ಕ್ಯಾಲೆಂಡರ್ ಮೇಲೆ 14 ಗೆರೆ ಎಳೆದಿಟ್ಟಳು. ರಾತ್ರಿ ಊಟವಾದ ಮೇಲೆ ನೀರಿನ ತಂಬಿಗೆ ಹಿಡಿದು ಎದುರಿಗೇ ನಿಲ್ಲುತ್ತಿದ್ದಳು. ಅವನು ನುಂಗಿದ ಮೇಲೆಯೇ ಒಂದು ಗೆರೆ ಅಳಿಸುತ್ತಿದ್ದಳು.

ನಮಸ್ಕಾರ.