ಮಳೆಗಾಲ, ಹಾಸ್ಟೆಲ್ ಮತ್ತು ಫ್ಲೂ

ಕಾಸರಗೋಡಿನಲ್ಲಿ ಜೂನ್ ಮಳೆ ಹಿಡಿಯಿತೆಂದರೆ ಕಾಲೇಜಿಗೆ ಬರುವ ಬಸ್ಸಿನ ಶಟರುಗಳೆಲ್ಲ ಕೆಳಗೆ. ಕ್ಲಾಸಿನ ಕಿಟಕಿ ಬಂದ್, ಹಾಸ್ಟೆಲ್ ಕೋಣೆಯದ್ದೂ ಬಂದ್. ಮಳೆಗೆ ನೆನೆದು ಜ್ವರ ಬಂತು ಅನ್ನುತ್ತೇವಲ್ಲ, ಫ್ಲೂ ಬರುವುದು ಹಾಗಲ್ಲ. ಮುಚ್ಚಿದ ಕೋಣೆಯಲ್ಲಿ ಪಕ್ಕದವರು ಕೆಮ್ಮಿದ ಗಾಳಿಯಿಂದ ಬರುತ್ತದೆ. ಎರಚಲು ಹೊಡೆಯುವ ಬದಿ ಮುಚ್ಚಿ, ಎದುರಿನ ಕಿಟಕಿ ಒಂದು ಗೇಣಾದರೂ ತೆರೆದಿಡಿ. ಫ್ಯಾನ್ ಮಾತ್ರ ಹಾಕಿದರೆ ಅದೇ ಗಾಳಿ ಸುತ್ತುತ್ತದೆ, ಅಷ್ಟೆ.

ಕಷ್ಟ ಏನೆಂದರೆ, ಜ್ವರ ಕಾಣಿಸುವ ಒಂದು ದಿನ ಮೊದಲೇ ಇದು ಹರಡಲು ಶುರುವಾಗುತ್ತದೆ. ಆಮೇಲೂ ಐದರಿಂದ ಏಳು ದಿನ. ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು 1ರಿಂದ 4 ದಿನ ಬೇಕು. ಹಾಗಾಗಿ ರೂಮಿನಲ್ಲಿ ಒಬ್ಬರು ಮಲಗಿದರೆ ಉಳಿದವರು ಆವತ್ತಿನಿಂದಲೇ ಮಾಸ್ಕ್ ಹಾಕುವುದು ಒಳ್ಳೆಯದು. ಲೋಟ, ಮೈ ಒರೆಸುವ ತೋರ್ತು ಬೇರೆ ಬೇರೆ ಇರಲಿ. ಬಾಗಿಲ ಚಿಲಕ, ಸ್ವಿಚ್ಚು, ಮೊಬೈಲು ಒರೆಸಿ. ನಯವಾದ ಮೇಲ್ಮೈಯಲ್ಲಿ ವೈರಸ್ ಒಂದೆರಡು ದಿನ ಉಳಿಯಬಲ್ಲದು. ಕೈಗೆ ಸೋಪು ಹಾಕಿ 20 ಸೆಕೆಂಡು ತಿಕ್ಕಿ.

ಈಗ ಗುರುತಿಸುವುದು. ಸಾಮಾನ್ಯ ಶೀತ ಮೆಲ್ಲ ಮೆಲ್ಲ ಏರುತ್ತದೆ. ಫ್ಲೂ ಹಾಗಲ್ಲ: ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಮಾಡಿದವರು ಸಂಜೆಗೆ ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು ಅಂತ ಮಲಗಿರುತ್ತಾರೆ. ಆದರೆ ಇದೇ ಮಳೆಗಾಲದಲ್ಲಿ ಡೆಂಗಿಯೂ ಇಲಿಜ್ವರವೂ ಇವೆಯಲ್ಲ! ಕೆಮ್ಮು, ಗಂಟಲುನೋವು ಇಲ್ಲದೆ ಕಣ್ಣಿನ ಹಿಂದೆ ನೋವಿದ್ದರೆ ಡೆಂಗಿಯ ಸಂಶಯ. ಕೆಸರುನೀರಿನಲ್ಲಿ ನಡೆದವರಿಗೆ ಮೀನಖಂಡ ನೋವಿನಿಂದ ಸಿಡಿದು ಕಣ್ಣು ಕೆಂಪಾದರೆ ಇಲಿಜ್ವರದ ಸಂಶಯ. ಎರಡಕ್ಕೂ ರಕ್ತಪರೀಕ್ಷೆ ಬೇಕು. ಡೆಂಗಿ ಅಲ್ಲವೆಂದು ತಿಳಿಯುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಹೆಚ್ಚಿನವರು ಎಡವುವುದು ಇಲ್ಲೇ: ಅಂಗಡಿಯಿಂದ ತಂದ ಶೀತದ ಮಾತ್ರೆಯಲ್ಲೂ ಹಲವು ಸಲ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ನುಂಗಿದರೆ ಡೋಸು ಡಬಲ್. ಸ್ಟ್ರಿಪ್ಪಿನ ಹಿಂದೆ ಓದಿ. ಆಂಟಿಬಯೋಟಿಕ್ ವೈರಸ್ಸಿಗೆ ತಾಗುವುದಿಲ್ಲ. ಫ್ಲೂವಿನದ್ದೇ ಔಷಧಿ ಒಸೆಲ್ಟಾಮಿವಿರ್, ಡಾಕ್ಟರ್ ಬರೆದುಕೊಡಬೇಕು. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಅಸ್ತಮಾ, ಸಕ್ಕರೆಕಾಯಿಲೆ ಇರುವವರು ಕಾಯದೆ ಮೊದಲ ದಿನವೇ ಹೋಗಿ. ಉಸಿರು ಕಟ್ಟುವುದು, ಎದೆನೋವು, ಗೊಂದಲ, ಅಥವಾ ಇಳಿದ ಜ್ವರ ಮತ್ತೆ ಜೋರಾಗಿ ಬರುವುದು, ಇವು ಕಂಡರೆ ಯಾರೇ ಆಗಲಿ ನೇರ ಆಸ್ಪತ್ರೆಗೆ. ಸಂಶಯವಿದ್ದರೆ ಕೇರಳದ ದಿಶಾ ಸಹಾಯವಾಣಿ 1056ಕ್ಕೆ ಫೋನ್ ಮಾಡಿ.

ಹಾಜರಿ ಹೋಗುತ್ತದೆಂದು ಮಾತ್ರೆ ನುಂಗಿ ಕ್ಲಾಸಿಗೆ ಬರುವುದಂತೂ ಬೇಡವೇ ಬೇಡ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆ ಬನ್ನಿ. ಲಸಿಕೆ ಹಾಕಿಸುವುದಿದ್ದರೆ ಮೇ ಮಧ್ಯಕ್ಕೆ ಮೊದಲೇ. ರಕ್ಷಣೆ ಬರಲು ಎರಡು ವಾರ ಹಿಡಿಯುತ್ತದೆ, ಪ್ರತಿ ವರ್ಷ ಹೊಸದಾಗಿ ಹಾಕಿಸಬೇಕು.